ಕರುಣೆಗೆ ಹತ್ತು ಅಂಕ

ಕರುಳಿಗೆ ಎರಡು ಬಾಯಿ. ಒಂದನ್ನು ನಲ್ಲಿಗೆ ಸಿಕ್ಕಿಸಬೇಕು, ಇನ್ನೊಂದನ್ನು ಚರಂಡಿಯ ಕಡೆಗೆ ಹಿಡಿಯಬೇಕು. ನೀರು ಬಿಟ್ಟರೆ ಪ್ರಾಣಿ ತಿಂದ ಕೊನೆಯ ಮೇವು ಹಸಿರಾಗಿ ಹೊರಗೆ ಬೀಳುತ್ತದೆ. ಆಮೇಲೆ ಅದರ ಒಳಮೈ ಹೊರಗೆ ತಿರುಗಿಸಿ, ಹಲಗೆಯ ಮೇಲೆ ಹಾಸಿ, ಮೊಂಡು ಚಾಕುವಿನಲ್ಲಿ ಲೋಳೆ ಕೆರೆಯಬೇಕು. ಒತ್ತಿ ಕೆರೆದರೆ ತೂತು ಬೀಳುತ್ತದೆ. ಮೆಲ್ಲಗೆ ಕೆರೆದರೆ ಲೋಳೆ ಉಳಿಯುತ್ತದೆ. ಎರಡಕ್ಕೂ ಮೇಸ್ತ್ರಿಯ ಬೈಗುಳ ಒಂದೇ. ಕೊನೆಗೆ ಹಿಡಿ ಹಿಡಿ ಉಪ್ಪು ಹಾಕಿ ತಿಕ್ಕಿ, ಸುರುಳಿ ಸುತ್ತಿ, ಡ್ರಮ್ಮಿಗೆ ತುಂಬಬೇಕು. ಡ್ರಮ್ಮುಗಳು ಲಾರಿ ಹತ್ತಿ ಹೋಗುತ್ತವೆ. ಎಲ್ಲೋ ಯಾರೋ ಆ ಕರುಳಿನೊಳಗೆ ಮಾಂಸ ತುಂಬಿ, ಬೇಯಿಸಿ, ಚಾಕು ಮುಳ್ಳುಚಮಚ ಹಿಡಿದು ತಿನ್ನುತ್ತಾರೆ. ತಿನ್ನಲಿ. ತಿನ್ನುವವರ ಕೈ ನಾರುವುದಿಲ್ಲ.

ನಾರುವುದು ಇವಳ ಕೈ. ಮನೆಯಲ್ಲಿ ಇವಳು ದೊಡ್ಡವಳು. ಅವ್ವ ಹಾಗೇ ಕರೆಯುತ್ತಾಳೆ, ಚಿಕ್ಕಮ್ಮನೂ ಹಾಗೇ ಕರೆಯುತ್ತಾಳೆ. ಕಾಲೇಜಿನಲ್ಲಿ ಇವಳಿಗೆ ಬೇರೆ ಹೆಸರಿತ್ತು. ಅತ್ತರು, ಪರಿಮಳದ ಸೀಸೆಯದು. ಮೊದಲ ವರ್ಷ ಯಾವನೋ ಹಿಂದಿನ ಬೆಂಚಿನಿಂದ ಕೂಗಿದ, ಎಲ್ಲರೂ ನಕ್ಕರು, ಪಾಠ ಮಾಡುತ್ತಿದ್ದ ಮೇಡಂ ಕೂಡ ಪುಸ್ತಕ ಅಡ್ಡ ಹಿಡಿದು ನಕ್ಕರು. ಅಲ್ಲಿಗೆ ಹೆಸರು ಗಟ್ಟಿಯಾಯಿತು. ಬೆಳಿಗ್ಗೆ ಶೆಡ್ಡಿನಲ್ಲಿ ಅವ್ವನ ಪಕ್ಕ ನಿಂತು ಕರುಳು ತೊಳೆದು, ಮೈಕೈ ಉಜ್ಜಿಕೊಂಡು, ಓಡಿಕೊಂಡು ಹೋಗಿ ಕೂತರೆ ಆ ಬೆಂಚಿನಲ್ಲಿ ಇವಳೊಬ್ಬಳೇ. ಮುಂದಿನ ಬೆಂಚಿನವರು ಇನ್ನೂ ಮುಂದಕ್ಕೆ ಜರುಗಿ ಕೂರುತ್ತಿದ್ದರು. ಯಾರೂ ಏನೂ ಹೇಳುತ್ತಿರಲಿಲ್ಲ. ಜರುಗುತ್ತಿದ್ದರು, ಅಷ್ಟೇ.

ಹಾಗೂ ಹೀಗೂ ಕೊನೆಯ ವರ್ಷಕ್ಕೆ ಬಂದಿದ್ದಳು. ಬರೆಯುವ ಪರೀಕ್ಷೆಗಳೆಲ್ಲ ಪಾಸು. ಉಳಿದದ್ದು ಒಂದೇ, ಬಾಯಿ ಪರೀಕ್ಷೆ. ಜಗತ್ತಿನ ಮೇರುಕೃತಿಗಳ ಪತ್ರಿಕೆಗೆ ಮಾತ್ರ ಅದು ಕಡ್ಡಾಯ. ಊರಾಚೆಯ ಶಾಲೆಯ ಮುಖ್ಯೋಪಾಧ್ಯಾಯಿನಿ ಮಾತು ಕೊಟ್ಟಿದ್ದರು: ಡಿಗ್ರಿ ತಂದು ತೋರಿಸು, ಮಾರನೆಯ ದಿನದಿಂದಲೇ ಪಾಠ ಮಾಡು. ಅವ್ವ ಆ ಮಾತನ್ನೇ ತಿಂದು ಬದುಕುತ್ತಿದ್ದಳು.

“ಕುರ್ಚಿ ಮೇಲೆ ಕೂತು ಮಾಡೋ ಕೆಲಸ ಕಣೇ,” ಎಂದು ಚಿಕ್ಕಮ್ಮನಿಗೆ ಹೇಳುತ್ತಿದ್ದಳು, ಚರಂಡಿಯ ನೀರಿನಲ್ಲಿ ಬರಿಗಾಲಲ್ಲಿ ನಿಂತು. “ಇವಳು ಕೂತರೆ ಸಾಕು. ನನ್ನನ್ನೂ ಇಲ್ಲಿಂದ ಎಳ್ಕೊಂಡು ಹೋಗ್ತಾಳೆ.”

“ನನ್ನನ್ನೂ ಎಳ್ಕೊಂಡು ಹೋಗು ತಾಯಿ,” ಎಂದು ಚಿಕ್ಕಮ್ಮ ಎರಡೂ ಕೈ ಚಾಚುತ್ತಿದ್ದಳು. ಆ ಬೆರಳುಗಳಲ್ಲಿ ಉಗುರಿರಲಿಲ್ಲ. ಉಪ್ಪು ತಿಂದುಹಾಕಿತ್ತು.

ಆ ಬಾಯಿ ಪರೀಕ್ಷೆಯ ರೀತಿಯೇ ಬೇರೆ. ಪುಸ್ತಕದಲ್ಲಿ ಏನಿದೆ ಎಂದು ಕೇಳುವುದು ಕಡಿಮೆ. ಪರೀಕ್ಷಕರು ಒಂದು ಪ್ರಸಿದ್ಧ ಭಾಗವನ್ನು ತಾವೇ ಓದುತ್ತಾರೆ. ಓದಿ ಮುಗಿಸಿ, ಇದನ್ನು ಕೇಳಿದಾಗ ನಿನ್ನೊಳಗೆ ಹುಟ್ಟಿದ ಭಾವ ಯಾವುದು ಎಂದು ಕೇಳುತ್ತಾರೆ. ಅದಕ್ಕೆ ಹತ್ತು ಅಂಕ. ಆ ಹತ್ತು ಬರದೆ ಪಾಸಾದವರಿಲ್ಲ. ಹೊರಗಿನಿಂದ ಬರುತ್ತಿದ್ದ ಆ ಪರೀಕ್ಷಕರಿಗೆ ಹುಡುಗರು ಇಟ್ಟ ಹೆಸರು ಕಣ್ಣೀರು ಸಾರ್. ಓದುತ್ತ ಓದುತ್ತ ಅವರ ಗಂಟಲು ಕಟ್ಟುತ್ತಿತ್ತು. ಕನ್ನಡಕ ತೆಗೆಯುತ್ತಿದ್ದರು. ಕನ್ನಡಕ ತೆಗೆದರೆಂದರೆ ಉತ್ತರ ಕರುಣೆ. ಇದು ಪುಸ್ತಕದ ಹೊದಿಕೆಯನ್ನೂ ನೋಡದ ಹುಡುಗರಿಗೂ ಗೊತ್ತಿತ್ತು. ಹಿರಿಯರು ಕಿರಿಯರಿಗೆ ಹೇಳಿಕೊಟ್ಟು ಹೋಗುತ್ತಿದ್ದ ಏಕೈಕ ವಿದ್ಯೆ ಅದು.

ಇವಳು ಮಾತ್ರ ಪೆದ್ದಿ. ಕಾದಂಬರಿಯನ್ನು ನಿಜವಾಗಿ ಓದಿದಳು. ಹಿಮ ಬೀಳುವ ಯಾವುದೋ ದೇಶದವನು ನೂರಾರು ವರ್ಷದ ಹಿಂದೆ ಬರೆದದ್ದು, ಇಟ್ಟಿಗೆಯಷ್ಟು ದಪ್ಪ. ಶೆಡ್ಡಿನ ಹಿಂದಿನ ಕೋಣೆಯಲ್ಲಿ ಉಪ್ಪಿನ ಚೀಲದ ಮೇಲೆ ಕೂತು ಓದಿದಳು. ಜಮೀನ್ದಾರನ ಮಗನೊಬ್ಬ ಮಂಜಿನಲ್ಲಿ ದಾರಿ ತಪ್ಪಿ, ಚರ್ಮ ತೊಳೆಯುವವರ ಕೇರಿಗೆ ಬರುತ್ತಾನೆ. ಬಾಯಾರಿಕೆ. ಒಬ್ಬ ಹುಡುಗಿ ನೀರು ಕೊಡುತ್ತಾಳೆ. ಅವನು ಓಕರಿಕೆ ತಡೆದುಕೊಂಡು ಕುಡಿಯುತ್ತಾನೆ. ಕುಡಿದದ್ದೇ ತಡ, ಅವನ ಆತ್ಮಕ್ಕೆ ಬೆಳಕಾಗುತ್ತದೆ.

ಅಲ್ಲಿವರೆಗೆ ಇವಳು ಉಸಿರು ಬಿಗಿಹಿಡಿದು ಓದಿದ್ದಳು. ಅಷ್ಟು ದೊಡ್ಡ ಪುಸ್ತಕದಲ್ಲಿ ತನ್ನ ಹಾಗೆ ನಾರುವ ಹುಡುಗಿ ಮೊದಲ ಸಲ ಬಂದಿದ್ದಳು. ಇನ್ನು ಆ ಹುಡುಗಿ ಮಾತಾಡುತ್ತಾಳೆ, ಅವಳಿಗೆ ಸಿಟ್ಟು ಬರುತ್ತದೆ, ಅವಳು ಏನಾದರೂ ಮಾಡುತ್ತಾಳೆ ಎಂದು ಪುಟ ತಿರುಗಿಸಿದರೆ, ಮುಂದಿನ ಅಧ್ಯಾಯದಲ್ಲಿ ಜ್ವರ ಬಂದು ಸತ್ತೇ ಹೋದಳು. ಹೆಸರೂ ಇಲ್ಲ. ನೀರು ಕೊಟ್ಟಳು, ಕೆಲಸ ಮುಗಿಯಿತು, ಸತ್ತಳು. ಉಳಿದ ಪುಟಗಳೆಲ್ಲ ಜಮೀನ್ದಾರನ ಮಗನ ಬೆಳಕು. ಇವಳು ಪುಸ್ತಕವನ್ನು ಚೀಲದ ಮೇಲೆ ಎಸೆದಳು. ಬರೆದವನು ಸಿಕ್ಕಿದ್ದರೆ ಮೊಂಡು ಚಾಕುವಿನಲ್ಲೇ ಕೆರೆಯುತ್ತಿದ್ದಳು.

ಪರೀಕ್ಷೆಯ ದಿನ ಅವ್ವ ಬೆಳಗಾಗುವ ಮೊದಲೇ ಎದ್ದಿದ್ದಳು. ಶೆಡ್ಡಿಗೆ ಹೋಗಿ ಸೆರಗಿನಲ್ಲಿ ಏನನ್ನೋ ಗಂಟು ಕಟ್ಟಿಕೊಂಡು ಬಂದಿದ್ದಳು. ಬ್ಲೀಚಿಂಗ್ ಪೌಡರ್. ಶೆಡ್ಡಿನ ನೆಲ, ಚರಂಡಿ, ಕೊಳೆತ ಡ್ರಮ್ಮು, ಯಾವುದರ ನಾತವನ್ನಾದರೂ ಅದು ಕೊಲ್ಲುತ್ತಿತ್ತು. ಅವ್ವನಿಗೆ ಗೊತ್ತಿದ್ದ ಅತಿ ದೊಡ್ಡ ಸೋಪು ಅದು.

“ದೊಡ್ಡವರ ಎದುರಿಗೆ ಕೂರಬೇಕು. ಇವತ್ತೊಂದು ದಿನ ವಾಸನೆ ಬರಬಾರದು,” ಎಂದಳು. ಬಕೆಟ್ಟಿಗೆ ಸುರಿದು ಕಲಸಿದಳು. ಮಗಳ ಎರಡೂ ಕೈಗಳನ್ನು ಮೊಣಕೈವರೆಗೆ ಅದರಲ್ಲಿ ಅದ್ದಿ ಹಿಡಿದಳು.

“ಉರೀತಿದೆ ಅವ್ವ.”

“ಉರಿದ್ರೆ ನಾತ ಹೋಗ್ತಿದೆ ಅಂತ. ತಡ್ಕೋ.”

“ಅವ್ವ, ಸಾಕು.”

“ಇಷ್ಟು ವರ್ಷ ತಡ್ಕೊಂಡಿಲ್ವಾ? ಇನ್ನೊಂದು ಗಳಿಗೆ.”

ಹೊರಗೆ ತೆಗೆದಾಗ ಕೈಗಳು ಸುಟ್ಟಂತೆ ಕೆಂಪಗಾಗಿದ್ದವು. ಬೆರಳ ಸಂದಿಯಲ್ಲಿ ಚರ್ಮ ಬೆಳ್ಳಗೆ ಎದ್ದಿತ್ತು. ಅವ್ವ ಆ ಕೈಗಳನ್ನು ಮೂಗಿನ ಹತ್ತಿರ ಹಿಡಿದು ಮೂಸಿದಳು. ಅವಳ ಮುಖ ಅರಳಿತು. ಉರಿಯಿಂದ ಇವಳ ಕಣ್ಣಲ್ಲಿ ನೀರು, ಸಂತೋಷದಿಂದ ಅವ್ವನ ಕಣ್ಣಲ್ಲಿ ನೀರು. ಪ್ರೀತಿ ಮಾಡಲಿಕ್ಕೂ ಇವರ ಕೈಗೆ ಸಿಗುವುದು ಚರಂಡಿಗೆ ಹಾಕುವ ಪುಡಿಯೇ.

ಪಡಸಾಲೆಯಲ್ಲಿ ಹುಡುಗರು ಸಾಲಾಗಿ ನಿಂತಿದ್ದರು. ಇವಳ ಮುಂದಿದ್ದವನು ಕಿಸೆಯಿಂದ ತಲೆನೋವಿನ ಮುಲಾಮಿನ ಡಬ್ಬಿ ತೆಗೆದು, ಕಣ್ಣಿನ ಕೆಳಗೆ ಸವರಿಕೊಂಡು ಒಳಗೆ ಹೋದ. ಹೊರಗೆ ಬಂದಾಗ ಅವನ ಕೆನ್ನೆ ಪೂರಾ ಒದ್ದೆ.

“ಹತ್ತಕ್ಕೆ ಹತ್ತು,” ಎಂದು ಕಣ್ಣು ಮಿಟುಕಿಸಿದ. “ಪಾಪ, ಸಾರ್ ಎದ್ದು ಬಂದು ಬೆನ್ನು ತಟ್ಟಿದ್ರು. ಬೇಕಾ ಅತ್ತರು, ಸ್ವಲ್ಪ ಹಚ್ಕೋತೀಯಾ?”

ಇವಳು ಬೇಡವೆಂದು ತಲೆಯಾಡಿಸಿ ಒಳಗೆ ಹೋದಳು.

ಕೋಣೆಯಲ್ಲಿ ಉದ್ದನೆಯ ಮೇಜು, ಅದರಾಚೆ ಕಣ್ಣೀರು ಸಾರ್, ಅವರ ಪಕ್ಕ ಅಂದು ನಕ್ಕಿದ್ದ ಮೇಡಂ. ಮೇಜಿನ ಮೇಲೆ ನೀರಿನ ಜಗ್ಗು, ಗಾಜಿನ ಲೋಟ. ಸಾರ್ ತಲೆ ಎತ್ತುವ ಮೊದಲೇ ಮೂಗು ಎತ್ತಿದರು. ಕರವಸ್ತ್ರ ತೆಗೆದು ಬಾಯಿಗೆ ಒತ್ತಿಕೊಂಡರು. “ಎಂಥದೋ ವಾಸನೆ ಬರ್ತಿದೆಯಲ್ಲ ಮೇಡಂ?”

ಮೇಡಂ ಅವರ ಕಿವಿಯಲ್ಲಿ ಏನೋ ಹೇಳಿದರು. ಕರುಳು ಎಂಬ ಮಾತು ಇವಳಿಗೆ ಕೇಳಿಸಿತು. ಸಾರ್ ತಲೆದೂಗಿ ಜವಾನನಿಗೆ ಸನ್ನೆ ಮಾಡಿದರು. ಜವಾನ ಕುರ್ಚಿಯನ್ನು ಎಳೆದುಕೊಂಡು ಹೋಗಿ ಬಾಗಿಲ ಬಳಿ ಇಟ್ಟ, ಕಿಟಕಿ ತೆರೆದ. ನಾರುತ್ತಿದ್ದದ್ದು ಬ್ಲೀಚಿಂಗ್ ಪೌಡರ್. ಅವ್ವ ಉಜ್ಜಿ ಉಜ್ಜಿ ಮಾಡಿದ ಶುಚಿ. ಇವರ ಮೂಗಿಗೆ ಅದೂ ಹೇಸಿಗೆಯೇ. ಇವಳು ಬಾಗಿಲ ಬಳಿ ಕೂತಳು. ಹೊರಗಿದ್ದ ಹುಡುಗರಿಗೆ ಇವಳ ಬೆನ್ನು ಕಾಣುತ್ತಿತ್ತು.

ಸಾರ್ ಓದತೊಡಗಿದರು. ಅದೇ ಭಾಗ. ಮಂಜು, ಕೇರಿ, ಬಾಯಾರಿಕೆ, ಹುಡುಗಿ. “ಆ ಕೊಳಕು ಕೈಯ ನೀರನ್ನು ಅವನು ಅಮೃತದಂತೆ ಕುಡಿದ” ಎಂಬಲ್ಲಿಗೆ ಬಂದಾಗ ಅವರ ಗಂಟಲು ಕಟ್ಟಿತು. ಕನ್ನಡಕ ತೆಗೆದರು. ಕಣ್ಣಿಂದ ನೀರು ಇಳಿಯಿತು. ನಿಜವಾದ ನೀರು, ಮುಲಾಮಿನದ್ದಲ್ಲ. ಅದೇ ಇವಳಿಗೆ ತಡೆಯಲಾಗಲಿಲ್ಲ. ನಾಟಕವಾಗಿದ್ದರೆ ನಕ್ಕು ಬಿಡಬಹುದಿತ್ತು. ಮನುಷ್ಯ ನಿಜವಾಗಿ ಅಳುತ್ತಿದ್ದ. ಸತ್ತು ನೂರಾರು ವರ್ಷವಾದ, ಹುಟ್ಟೇ ಇರದ ಹುಡುಗಿಗಾಗಿ ಅಳುತ್ತಿದ್ದ. ಬಾಗಿಲ ಬಳಿ ಕೂರಿಸಿದ ಹುಡುಗಿಯ ಕಡೆಗೆ ಕರವಸ್ತ್ರ ಅಡ್ಡ ಹಿಡಿದುಕೊಂಡು ಅಳುತ್ತಿದ್ದ. ಇವಳು ಮುಖ ತಿರುಗಿಸಿಕೊಂಡಳು. ಹಸಿ ಕರುಳಿನ ಡ್ರಮ್ಮು ತೆರೆದಾಗಲೂ ಹಾಗೆ ತಿರುಗಿಸಿಕೊಂಡದ್ದಿಲ್ಲ.

“ಹೇಳಮ್ಮಾ,” ಎಂದರು ಸಾರ್, ಮೂಗು ಒರೆಸಿಕೊಳ್ಳುತ್ತ. “ಯಾವ ಭಾವ ಹುಟ್ಟಿತು?”

ಇವಳು ತನ್ನ ಕೆಂಪು ಕೈಗಳನ್ನು ನೋಡಿಕೊಂಡಳು.

“ಹೆದರಬೇಡ ಮಗು. ಒಂದೇ ಪದ.”

ಆ ಪದ ಇವಳ ನಾಲಿಗೆಯ ತುದಿಯಲ್ಲೇ ಇತ್ತು. ಶಾಲೆಯ ಕುರ್ಚಿ ಇತ್ತು ಅದರ ಹಿಂದೆ. ಅವ್ವ ಇದ್ದಳು, ಚಿಕ್ಕಮ್ಮನ ಬೆರಳುಗಳಿದ್ದವು. ಇವಳು ಎದ್ದಳು. ಯಾಕೆ ಎದ್ದಳು ಎಂದು ಇವಳಿಗೂ ಗೊತ್ತಿರಲಿಲ್ಲ. ಮೇಜಿನ ಹತ್ತಿರ ಹೋಗಿ, ಜಗ್ಗಿನಿಂದ ಲೋಟಕ್ಕೆ ನೀರು ಬಗ್ಗಿಸಿ, ಸಾರ್ ಕಡೆಗೆ ಚಾಚಿದಳು.

“ಕುಡೀರಿ ಸಾರ್. ನೀವು ಕುಡಿದ್ರೆ ಹೇಳ್ತೀನಿ.”

ಮೇಡಂ ಬಾಯಿ ತೆರೆದವರು ಹಾಗೇ ಕೂತರು. ಸಾರ್ ಆ ಕೈ ನೋಡಿದರು. ಕೆಂಪು, ಸುಲಿದ ಚರ್ಮ, ಗಾಜಿನ ಸುತ್ತ ಊದಿದ ಬೆರಳುಗಳು. ಕರವಸ್ತ್ರ ಮತ್ತೆ ಬಾಯಿಗೆ ಹೋಯಿತು. ಆಮೇಲೆ, ನಂಬಿ ಬಿಡಿ, ಅವರ ಮುಖದ ಮೇಲೆ ಬೆಳಕು ಮೂಡಿತು. ಕಾದಂಬರಿಯಲ್ಲಿ ಮೂಡುವಂಥದೇ ಬೆಳಕು.

“ಅದ್ಭುತ!” ಎಂದರು. “ಮೇಡಂ, ನೋಡಿದ್ರಾ? ಪುಸ್ತಕ ಎದ್ದು ಬಂದು ನಿಂತಿದೆ ನನ್ನ ಮುಂದೆ. ಮೊಬೈಲ್ ತೆಗೀರಿ. ತೆಗೀರಿ ಬೇಗ. ಹಾಗೇ ಹಿಡ್ಕೋ ಮಗು, ಅಲ್ಲಾಡಬೇಡ.”

ಮೇಡಂ ಮೊಬೈಲ್ ಹಿಡಿದು ಎದ್ದರು. ಸಾರ್ ಲೋಟದ ಕೆಳತುದಿಯನ್ನು ಎರಡು ಬೆರಳಲ್ಲಿ ಆನಿಸಿಕೊಂಡು ತುಟಿಯ ಹತ್ತಿರ ತಂದರು. ಕಣ್ಣು ಮುಚ್ಚಿದರು. ಉಳಿದಿದ್ದ ಒಂದು ಹನಿ ಕೆನ್ನೆಯ ಮೇಲೆ ಇಳಿಯುವವರೆಗೆ ಕಾದರು. ಮೇಡಂ ಒಂದು ಫೋಟೋ ತೆಗೆದರು, ಸ್ವಲ್ಪ ಪಕ್ಕಕ್ಕೆ ಸರಿದು ಇನ್ನೊಂದು ತೆಗೆದರು. “ಬಂತು ಸಾರ್. ತುಂಬಾ ಚೆನ್ನಾಗಿ ಬಂತು.”

ಸಾರ್ ಲೋಟವನ್ನು ಮೇಜಿನ ಮೇಲಿಟ್ಟರು. ಕರವಸ್ತ್ರದಿಂದ ತುಟಿ ಒರೆಸಿಕೊಂಡರು. ಆಮೇಲೆ ಆ ಎರಡು ಬೆರಳನ್ನೂ ಒರೆಸಿಕೊಂಡರು. ಇವಳು ಲೋಟ ನೋಡಿದಳು. ತಾನು ಬಗ್ಗಿಸಿದಷ್ಟೂ ನೀರು ಹಾಗೇ ಇತ್ತು. ಒಂದು ಗುಟುಕೂ ಕಡಿಮೆಯಾಗಿರಲಿಲ್ಲ.

“ಸರಿ ಮಗು. ಹತ್ತಕ್ಕೆ ಹತ್ತೂ ನಿನಗೇ. ಈಗ ಹೇಳಿಬಿಡು, ಪದ್ಧತಿ ಪ್ರಕಾರ ಬರ್ಕೋಬೇಕು. ಯಾವ ಭಾವ?”

“ಅಸಹ್ಯ,” ಎಂದಳು.

“ಏನು?”

“ಅಸಹ್ಯ ಸಾರ್. ಬರ್ಕೊಳ್ಳಿ.”

ಮೇಡಂ ಅವಸರದಿಂದ ನಡುವೆ ಬಂದರು. “ಬಡತನದ ಬಗ್ಗೆ ಅಸಹ್ಯ ಅಂತಿದ್ದಾಳೆ ಸಾರ್. ಅಲ್ವೇನೇ? ಸರಿಯಾಗಿ ಹೇಳು.”

“ಅಲ್ಲ ಮೇಡಂ. ಇವರ ಅಳು ನೋಡಿ ಅಸಹ್ಯ ಆಯ್ತು. ನನ್ನನ್ನ ಬಾಗಿಲ ಹತ್ರ ಕೂರಿಸಿ ಅಳ್ತಾರಲ್ಲ, ಅದಕ್ಕೆ. ಕುಡೀದೆ ಕುಡಿದ ಹಾಗೆ ಫೋಟೋ ತೆಗೆಸ್ಕೊಂಡ್ರಲ್ಲ, ಅದಕ್ಕೆ. ಪುಸ್ತಕದವನು ಕೊನೇಪಕ್ಷ ಕುಡಿದ.” ಇವಳು ಲೋಟವನ್ನು ಸಾರ್ ಕಡೆಗೆ ತಳ್ಳಿದಳು. “ಇನ್ನೊಂದು ಮಾತು ಸಾರ್. ಪುಸ್ತಕದ ಹುಡುಗಿ ನೀರು ಕೊಟ್ಟು ಮುಂದಿನ ಅಧ್ಯಾಯದಲ್ಲಿ ಸತ್ತಳು. ನಾನು ಸಾಯಲ್ಲ.”

ಸಾರ್ ಕನ್ನಡಕ ಹಾಕಿಕೊಂಡರು. ಕಣ್ಣು ಒಣಗಿತ್ತು. “ಸಾಹಿತ್ಯದ ಸಂಸ್ಕಾರವೇ ಇಲ್ಲ,” ಎಂದು ಮೇಡಂಗೆ ಹೇಳಿ, ಪೆನ್ನಿನಲ್ಲಿ ಒಂದು ಸೊನ್ನೆ ಸುತ್ತಿದರು. “ಮುಂದಿನವರನ್ನ ಕಳಿಸಿ.”

ಮನೆಗೆ ಬಂದು ಹೇಳಿದಾಗ ಅವ್ವ ಮೊದಲು ನಂಬಲಿಲ್ಲ. ನಂಬಿದ ಮೇಲೆ ನೆಲದ ಮೇಲೆ ಕುಸಿದು ಕೂತಳು. “ಒಂದು ಪದ,” ಎಂದಳು. “ಬರೀ ಒಂದು ಪದ ಹೇಳೋಕೆ ನಿನ್ನ ಬಾಯಿಗೇನು ರೋಗ ಬಂದಿತ್ತೇ?”

ಆ ವಾರದಲ್ಲೇ ಮೇಸ್ತ್ರಿ ಶೆಡ್ಡಿಗೆ ಪೇಪರು ತಂದ. ಅದರಲ್ಲಿ ಫೋಟೋ ಬಂದಿತ್ತು. ಸಾರ್ ಮುಖ ದೊಡ್ಡದಾಗಿ, ಮುಚ್ಚಿದ ಕಣ್ಣು, ಕೆನ್ನೆಯ ಮೇಲೆ ಹನಿ, ತುಟಿಯಲ್ಲಿ ಲೋಟ. ಹುಡುಗಿ ಇರಲಿಲ್ಲ. ಮಣಿಕಟ್ಟಿನವರೆಗೆ ಒಂದು ಕೈ ಮಾತ್ರ ಇತ್ತು. ಪುಸ್ತಕದ ಕರುಣೆ ಬದುಕಿಗಿಳಿದ ಕ್ಷಣ ಎಂದು ಕೆಳಗೆ ಬರೆದಿದ್ದನ್ನು ಮೇಸ್ತ್ರಿ ಜೋರಾಗಿ ಓದಿ ಹೇಳಿದ. ಹೆಂಗಸರೆಲ್ಲ ಕರುಳು ಬಿಟ್ಟು ಸುತ್ತ ನೆರೆದರು.

“ಇದು ನಿನ್ನ ಕೈ,” ಎಂದಳು ಅವ್ವ.

“ಹೂಂ.”

“ಕುಡೀತಿದಾರಲ್ಲೇ!”

“ಕುಡೀಲಿಲ್ಲ ಅವ್ವ. ಆವತ್ತೇ ಹೇಳಿದ್ನಲ್ಲ.”

“ಸುಳ್ಳು ಹೇಳಬೇಡ. ಕಣ್ಣಿಗೆ ರಾಚೋ ಹಾಗಿದೆ.” ಅವ್ವ ಪೇಪರನ್ನು ಕಸಿದುಕೊಂಡಳು. “ಅಂಥ ದೊಡ್ಡವರು ನಿನ್ನ ಕೈಯ ನೀರು ಕುಡಿದ್ರು. ನೀನು ಅವರ ಮುಖಕ್ಕೆ ಉಗಿದು ಬಂದೆ. ನಿನ್ನಂಥವಳಿಗೆ ಇದೇ ಚರಂಡಿ ಸರಿ.”

ಅವ್ವ ಯಾಕೆ ನಂಬಿದಳು ಎಂದು ಯಾರೂ ಕೇಳಬೇಕಾಗಿಲ್ಲ. ಇಷ್ಟು ವರ್ಷದಲ್ಲಿ ಅವಳ ಮನೆಯ ಲೋಟ ಹೊರಗಿನ ಒಬ್ಬರ ತುಟಿಯನ್ನೂ ಮುಟ್ಟಿರಲಿಲ್ಲ. ಅಂಥವಳ ಕಣ್ಣೆದುರಿಗೆ ಅಚ್ಚಾದ ಫೋಟೋ ಇತ್ತು. ಮಗಳ ಮಾತಿಗಿಂತ ಅದು ದೊಡ್ಡದಾಯಿತು. ಆ ಚೂರನ್ನು ಕತ್ತರಿಸಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಕುಪ್ಪಸದಲ್ಲಿ ಇಟ್ಟುಕೊಂಡಳು. ಬಂದವರಿಗೆಲ್ಲ ತೋರಿಸಿದಳು. ಮಗಳ ಜೊತೆ ಮಾತು ಬಿಟ್ಟಳು. ಒಂದೇ ಹಲಗೆಯ ಆಚೆ ಈಚೆ ನಿಂತು ಒಂದೇ ಕರುಳಿನ ಎರಡು ತುದಿ ಹಿಡಿದು ಇಬ್ಬರೂ ಕೆಲಸ ಮಾಡುತ್ತಿದ್ದರು. ಏನಾದರೂ ಹೇಳಬೇಕಾದರೆ ಅವ್ವ ಚಿಕ್ಕಮ್ಮನಿಗೆ ಹೇಳುತ್ತಿದ್ದಳು. ಸುಲಿದ ಕೈಗೆ ಉಪ್ಪು ತಾಗಿ ಇವಳಿಗೆ ಪ್ರಾಣ ಹೋಗುವಂತಾಗುತ್ತಿತ್ತು. ಅವ್ವನ ಮೌನ ಅದಕ್ಕಿಂತ ಹೆಚ್ಚು ಉರಿಯುತ್ತಿತ್ತು.

ಹಾಗಿರುವಾಗ ಒಂದು ಮಧ್ಯಾಹ್ನ ಮೇಡಂ ಶೆಡ್ಡಿಗೇ ಬಂದರು. ಸೆರಗಿನಲ್ಲಿ ಮೂಗು ಮುಚ್ಚಿಕೊಂಡು, ಒದ್ದೆ ನೆಲದ ಮೇಲೆ ಹಿಮ್ಮಡಿ ಎತ್ತಿ ಎತ್ತಿ ಹೆಜ್ಜೆ ಇಡುತ್ತ, ಹಲಗೆಯಿಂದ ದೂರದಲ್ಲೇ ನಿಂತರು. ಅವ್ವ ಗಡಬಡಿಸಿ ನಲ್ಲಿ ನಿಲ್ಲಿಸಿದಳು.

“ನೋಡಮ್ಮಾ, ಒಳ್ಳೆ ಸುದ್ದಿ ತಂದಿದ್ದೀನಿ,” ಎಂದರು ಮೇಡಂ ಅವ್ವನಿಗೆ. “ಆ ಫೋಟೋ ಬಂದ ಮೇಲೆ ಸಾರ್‌ಗೆ ದೊಡ್ಡ ಸನ್ಮಾನ ಇಟ್ಕೊಂಡಿದ್ದಾರೆ. ನಿಮ್ಮ ಮಗಳು ವೇದಿಕೆಗೆ ಬಂದು, ಎಲ್ಲರ ಎದುರಿಗೆ ಇನ್ನೊಂದು ಸಲ ಅವರಿಗೆ ನೀರು ಕೊಡಬೇಕು. ಅಷ್ಟೇ. ಸಾರ್ ಅಂಕ ತಿದ್ದಿಸ್ತಾರೆ. ಪಾಸು ಗ್ಯಾರಂಟಿ.”

ಅವ್ವನ ಕೈ ಎದೆಗೆ ಹೋಯಿತು. “ದೊಡ್ಡ ಮನಸ್ಸು ಅವರದ್ದು,” ಎಂದಳು. ಎಷ್ಟೋ ದಿನದ ಮೇಲೆ ಮಗಳ ಕಡೆ ತಿರುಗಿದಳು. “ಕೇಳಿಸ್ತಾ? ಹೋಗ್ತೀಯ ತಾನೇ? ನಾನೇ ಬೆಳಗಿದ ಲೋಟ ಕೊಟ್ಟು ಕಳಿಸ್ತೀನಿ.”

“ಅಯ್ಯೋ, ಲೋಟ ಎಲ್ಲ ಬೇಡಮ್ಮಾ,” ಎಂದರು ಮೇಡಂ. “ಲೋಟ ನಮ್ಮದೇ ಇರುತ್ತೆ. ನೀರೂ ಸೀಲ್ ಮಾಡಿದ ಬಾಟಲಿದು. ಕೈಗೆ ಗ್ಲೌಸ್ ತಂದಿದ್ದೀನಿ, ಬಿಳೀದು.”

“ಗ್ಲೌಸ್ ಯಾಕೆ ಮೇಡಂ? ಆವತ್ತು ಇವಳ ಬರಿಗೈಲೇ ಕುಡಿದ್ರಲ್ಲ.”

“ಆವತ್ತೆಲ್ಲಿ ಕುಡಿದ್ರು? ಫೋಟೋಗೆ ಅಂತ ಸುಮ್ನೆ ಬಾಯಿ ಹತ್ರ ಹಿಡಿದದ್ದು. ಸಾರ್ ಹೊಟ್ಟೆ ಸೂಕ್ಷ್ಮ. ಈ ಸಲಾನೂ ಅಷ್ಟೇ, ಹಿಡಿದ್ರೆ ಸಾಕು, ಕಷ್ಟ ಏನೂ ಇಲ್ಲ.”

ಚಿಕ್ಕಮ್ಮ ಚಾಕು ಕೆಳಗಿಟ್ಟಳು. ಅವ್ವ ಮಗಳನ್ನು ನೋಡಿದಳು, ಮಗಳ ಕೈ ನೋಡಿದಳು. ಆ ಕೈಯನ್ನು ಬಕೆಟ್ಟಿನಲ್ಲಿ ಅದ್ದಿ ಹಿಡಿದವಳು ತಾನು. ಅವಳ ಮುಖ ಮೊದಲು ಬಿಳಿಚಿಕೊಂಡಿತು, ಆಮೇಲೆ ಕಪ್ಪಾಯಿತು.

“ನೀನೇನಂತೀಯ?” ಎಂದಳು ಮಗಳಿಗೆ.

“ನಾನು ಹೋಗಲ್ಲ ಅವ್ವ. ಮುಂದಿನ ವರ್ಷ ಮತ್ತೆ ಕೂರ್ತೀನಿ. ಇವರೇ ಬಂದ್ರೆ ಇದೇ ಉತ್ತರ ಹೇಳ್ತೀನಿ.”

“ಹುಚ್ಚು ಹುಡುಗಿ,” ಎಂದರು ಮೇಡಂ. “ನೀವಾದ್ರೂ ಬುದ್ಧಿ ಹೇಳಮ್ಮಾ. ಇನ್ನೊಂದು ವರ್ಷ ಈ ಗಲೀಜಿನಲ್ಲಿ ನಿಲ್ಲಬೇಕಾಗುತ್ತೆ. ಒಬ್ಬ ದೊಡ್ಡ ಮನುಷ್ಯ ತಾನಾಗಿ ಕರೀತಿದ್ದಾರೆ.”

ಅವ್ವ ಹಲಗೆ ಬಿಟ್ಟು ಮುಂದೆ ಬಂದಳು. ಮೊಣಕೈವರೆಗೆ ಲೋಳೆ ಇತ್ತು. ಮೇಡಂ ಒಂದು ಹೆಜ್ಜೆ ಹಿಂದೆ ಸರಿದರು, ಅವ್ವ ಇನ್ನೊಂದು ಹೆಜ್ಜೆ ಮುಂದೆ ಇಟ್ಟಳು.

“ಮೇಡಂ, ನಾನು ಓದಿದವಳಲ್ಲ. ನನ್ನ ಮಗಳು ಹೇಳಿದ್ದನ್ನ ನಂಬದೆ ನಿಮ್ಮ ಪೇಪರನ್ನ ನಂಬಿದೆ, ಅಷ್ಟು ದಡ್ಡಿ ನಾನು. ಆದ್ರೆ ಒಂದು ಗೊತ್ತಾಯ್ತು. ಆವತ್ತು ಪರೀಕ್ಷೆ ಆಗಿದ್ದು ಇವಳಿಗಲ್ಲ. ಲೋಟ ಕೊಟ್ಟವಳು ಇವಳು. ಕುಡೀಬೇಕಾದವರು ಅವರು.” ಅವಳ ದನಿ ಏರಲಿಲ್ಲ, ಇಳಿಯಲೂ ಇಲ್ಲ. “ಹೋಗಿ ಹೇಳಿ, ನಿಮ್ಮ ಸಾರ್ ಫೇಲು ಅಂತ. ಇನ್ನೊಂದು ಸಲ ಕೂರಬೇಕು ಅನ್ನಿಸಿದ್ರೆ ಇಲ್ಲಿಗೇ ಬರಲಿ. ಫೋಟೋ ತೆಗೆಯೋರು ಬೇಡ. ನೀರು ಈ ನಲ್ಲಿದು, ಲೋಟ ನಮ್ಮದು.”